ಸೌಂಡ್ ಕಾರ್ಡ್, ಮೋಡೆಮ್ ಮತ್ತು ಸುವರ್ಣಮ್ಮನ ಸೋಬಾನೆ

“ಸುವರ್ಣಾ, ಇವತ್ತು ಹೊತ್ತು ಮುಳುಗೂದ್ರಾಗ ನಿನ್ನ ಪದ ಲೋಕಕ್ಕೆಲ್ಲ ಕೇಳಸ್ತೀನಿ! ಇಲ್ಲಾಂದ್ರ ನನ್ನ ದೊಡ್ಡಬಸಪ್ಪ ಅನಬ್ಯಾಡ, ಸಣ್ಣಬಸಪ್ಪ ಅನ್ನು!”

ಹೀಗೆಂದು ಪ್ರತಿಜ್ಞೆ ಮಾಡಿ ದೊಡ್ಡಬಸಪ್ಪ ಸ್ಕ್ರೂಡ್ರೈವರ್ ಹಿರಿದ. ಅವನು ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಲಾರಿ ತೂಗಿಸುವ ಗುಮಾಸ್ತ. ಚೀನಾಕ್ಕೆ ಅದಿರು ಹೋಗತೊಡಗಿದ್ದೇ ತಡ, ಸಾಹೇಬರು ಆಫೀಸಿಗೆಲ್ಲ ಹೊಸ ಕಂಪ್ಯೂಟರ್ ತರಿಸಿ ಓಬೀರಾಯನ ಕಾಲದ್ದೊಂದನ್ನು ಮೂಲೆಗೆಸೆದಿದ್ದರು. ಇವನು ಅದನ್ನು ಮನೆಗೆ ಹೊತ್ತು ತಂದಿದ್ದ. ಒಳಗಿದ್ದ ಕೆಂಪು ಧೂಳನ್ನೂ ಚೀನಾಕ್ಕೆ ಕಳಿಸಬಹುದಿತ್ತು!

ಹೆಂಡತಿಯ ಹಾಡು ರೆಕಾರ್ಡ್ ಮಾಡಲು ಸೌಂಡ್ ಕಾರ್ಡ್, ಅದನ್ನು ಇಂಟರ್‌ನೆಟ್ಟಿಗೆ ಏರಿಸಲು ಮೋಡೆಮ್ ಕಾರ್ಡ್. ಎರಡನ್ನೂ ಗುಜರಿಯಲ್ಲಿ ಹುಡುಕಿ ತಂದಿದ್ದ.

ಸುವರ್ಣಮ್ಮನಿಗೆ ಲೋಕದ ಗೊಡವೆಯೇ ಇರಲಿಲ್ಲ. ಹೊಸಪೇಟೆಯ ರೇಡಿಯೋದವರು ಅವಳ ಸೋಬಾನೆ ಪದ ಮೆಚ್ಚಿ, “ಭಾನುವಾರ ಫೋನ್ ಮಾಡ್ತೀವಿ, ಕೂಡ್ಲೇ ಹೊರಟು ಬರ್ರಿ” ಎಂದಿದ್ದರು. ಅಂದೇ ಆ ಭಾನುವಾರ; ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು.

ಸೌಂಡ್ ಕಾರ್ಡ್ ಹಾಕಿದರೆ ಹಾಡಿತು. ಪಕ್ಕಕ್ಕೆ ಮೋಡೆಮ್ ಕೂರಿಸಿದ್ದೇ ಎರಡೂ ಮೂಕಾದವು. ಕಂಪ್ಯೂಟರಿನಲ್ಲಿ ಒಂದೊಂದು ಕಾರ್ಡಿಗೂ ಒಂದೊಂದು ನಂಬರ್ ಇರಬೇಕು. ಈ ಎರಡಕ್ಕೂ ಐದನೇ ನಂಬರೇ ಬೇಕು!

“ಸವತ್ಯಾರಿದ್ದಂಗ ಅದಾವ ನೋಡು ಇವು!”

“ಇಬ್ಬರನ್ನೂ ಮನೀಗೆ ತಂದವ್ರು ಯಾರ್ರಿ?”

ದೊಡ್ಡಬಸಪ್ಪ ಸೌಂಡ್ ಕಾರ್ಡನ್ನು ಏಳನೇ ನಂಬರಿಗೆ ದಾಟಿಸಿದ. ಅದು ಕಂಪ್ಯೂಟರಿನ ಜೊತೆಗೇ ಬಂದಿದ್ದ ಪ್ರಿಂಟರಿನ ಜಾಗ. ಪ್ರಿಂಟರ್ ಮುನಿಸಿಕೊಂಡು ಮಲಗಿತು. ಮಲಗಲಿ! ಮೋಡೆಮ್ಮಿಗೂ ಫೋನಿನ ವಾಯರೇ ಬೇಕು; ಪರೀಕ್ಷೆಗೆಂದು ಅದನ್ನು ಕಿತ್ತು ಕಂಪ್ಯೂಟರಿಗೆ ಸಿಕ್ಕಿಸಿದ.

“ಅಯ್ಯ, ರೇಡಿಯೋದವ್ರು ಫೋನ್ ಮಾಡಿದ್ರ ಏನ್ ಗತಿರೀ?”

“ಐದ ನಿಮಿಷ ತಡೀ!”

ಆ ಐದು ನಿಮಿಷ ಮಧ್ಯಾಹ್ನ ದಾಟಿತು. ಅವಳು ಕೇಳಿದಾಗಲೆಲ್ಲ “ಆಗೇಬಿಡ್ತು” ಎಂದ. ಕಡೆಗೆ ಮೋಡೆಮ್ ಕೀರಲು ದನಿಯಲ್ಲಿ ಕಿರುಚಿ ಇಂಟರ್‌ನೆಟ್ ಹಿಡಿಯಿತು, ಸೌಂಡ್ ಕಾರ್ಡೂ ಬಾಯಿಬಿಟ್ಟಿತು! ದೊಡ್ಡಬಸಪ್ಪ ಕುಣಿದಾಡಿದ. ಅವಳನ್ನು ಎಳೆದು ಕೂರಿಸಿ ಹಾಡಿಸಿದ. ಒಲ್ಲದ ಮನಸ್ಸಿನಿಂದ ಹಾಡಿದಳು, ಕಣ್ಣೆಲ್ಲ ಫೋನಿನ ಮೇಲೆ. ಆ ಹಾಡು ಇರುವೆಯ ಹಾಗೆ ತೆವಳುತ್ತ ಇಂಟರ್‌ನೆಟ್ ಏರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು.

ವಾಯರ್ ತಿರುಗಿ ಹಾಕಿದ್ದೇ ಫೋನ್ ಬಡಿದುಕೊಂಡಿತು. ಸುವರ್ಣಮ್ಮ ಓಡಿ ಎತ್ತಿದಳು. ಅವಳ ಜೊತೆ ಹಾಡುವ, ಹೊಸಪೇಟೆಯ ಭರಮಮ್ಮ.

“ಎಲ್ಲಿಗೆ ಹೋಗಿದ್ದೆವ್ವಾ? ರೇಡಿಯೋದವ್ರು ಮುಂಜಾನಿಂದ ಹಚ್ಚೇ ಹಚ್ಚಿದ್ರಂತ, ಬರೇ ಎಂಗೇಜ್! ಕಡೀಗೆ ನನ್ನ ಕರೆಸಿದ್ರು. ನಿನ್ನ ಪದಾನೇ ಹಾಡಿ ಬಂದೆ. ಭಾಳ ಚಲೋ ಆತಂದ್ರು.”

“ಚಲೋ ಆತು ಬಿಡು,” ಎಂದು ಸುವರ್ಣಮ್ಮ ಫೋನ್ ಇಟ್ಟು ಸೀರೆ ಬದಲಿಸಲು ಒಳಗೆ ಹೋದಳು.

“ನಮ್ದೂ ಇಂಟರ್‌ನೆಟ್ಟಿನಾಗ ಐತಲ್ಲ...” ಎಂದು ದೊಡ್ಡಬಸಪ್ಪ ಬಾಗಿಲಿಗೆ ಹೇಳಿದ.

ಮುಂದಿನ ವಾರ ರೇಡಿಯೋದಲ್ಲಿ ಭರಮಮ್ಮ ಹಾಡಿದಳು. ಓಣಿಯ ಹೆಂಗಸರೆಲ್ಲ ತಲೆದೂಗಿದರು. ಸುವರ್ಣಮ್ಮ ಅಕ್ಕಿ ಆರಿಸುತ್ತ ಕೊನೆಯವರೆಗೂ ಕೇಳಿ, “ಎರಡನೇ ನುಡಿ ನುಂಗಿಬಿಟ್ಟಾಳ” ಎಂದಳು, ಅಷ್ಟೇ.

ಹೇಗಾದರೂ ರಾಜಿಯಾಗಬೇಕೆಂದು ಕಾಯುತ್ತಿದ್ದ ದೊಡ್ಡಬಸಪ್ಪ ಥಟ್ಟನೆ ಎದ್ದ. “ತಡೀ, ರೇಡಿಯೋದವ್ರಿಗೆ ಈಗ್ಲೇ ಫೋನ್ ಮಾಡಿ ನಿನ್ನ ಕರೆಸ್ರಿ ಅಂತ ಹೇಳ್ತೀನಿ!”

ಸುವರ್ಣಮ್ಮ ಮೊರದಿಂದ ತಲೆಯೆತ್ತಿದಳು.

“ನೀವು ಫೋನಿಗೆ ಕೈ ಹಚ್ಚಬ್ಯಾಡ್ರಿ, ಸಣ್ಣಬಸಪ್ಪನೋರ.”