ಬದಲಿ ರಕ್ತ ಮತ್ತು ಅದರ ಹರಿವು

ಶಿವಪ್ರಸಾದನ ದಿನ ಕೆಟ್ಟದ್ದು ಬರೀ ಎರಡು ಶಬ್ದಗಳಿಂದ. ಸಿಂಧನೂರಿನ ಈ ಅತಿಥಿ ಉಪನ್ಯಾಸಕ ಕೃತಕ ರಕ್ತದ ಮೇಲೆ ಏಳು ವರ್ಷ ತಲೆ ಕೆಡಿಸಿಕೊಂಡವನು. ಇವತ್ತು ಮಧ್ಯಾಹ್ನ ಲಿಂಗಸುಗೂರಿನ ಕಾಲೇಜಿನಲ್ಲಿ ಅವನ ಭಾಷಣ. ಅದನ್ನು ಕೇಳಿ ಹಿರಿಯ ಪ್ರಾಧ್ಯಾಪಕಿ ಯಶೋಧರಾ ಮೇಡಂ ಹೂಂ ಅಂದರೆ ನೌಕರಿ ಕಾಯಂ. ‘ಬದಲಿ ರಕ್ತ ಮತ್ತು ಅದರ ಹರಿವು’ ಎಂದು ಆಹ್ವಾನಪತ್ರ ಅಚ್ಚಾಗಿತ್ತು, ಕೆಳಗೆ ಅವನ ಮೊಬೈಲ್ ನಂಬರು. ಪಕ್ಕದ ಮನೆಯ ದಾವಲ್‌ಸಾಬ್ ಪ್ರೀತಿಯಿಂದ ಅದನ್ನು ಕಂಡ ಕಂಡ ವಾಟ್ಸಾಪ್ ಗುಂಪಿಗೆಲ್ಲ ಕಳಿಸಿದ. ಆದರೆ ಜನ ಬಲ್ಲ ಬದಲಿ ರಕ್ತ ಬೇರೆ: ದವಾಖಾನೆಯವರು ಒಂದು ಬಾಟಲಿ ಕೊಡುವ ಮುಂಚೆ, ಅದಕ್ಕೆ ಬದಲಾಗಿ ರೋಗಿಯ ಕಡೆಯವರಿಂದ ತೆಗೆದುಕೊಳ್ಳುವ ರಕ್ತ.

ಬೆಳಿಗ್ಗೆಯಿಂದ ರಕ್ತ ಕೇಳಿ ಹದಿನೇಳು ಫೋನು ಬಂದವು. ಹೇಳಿ ಹೇಳಿ ಬಾಯಿ ಸೋತು, ಬಸ್ಸು ಹತ್ತಿ ಫೋನು ಬಂದ್ ಮಾಡಿದ. ಮಸ್ಕಿಯಲ್ಲಿ ಪಾಮನಕಲ್ಲೂರಿನ ಕುರಿಗಾರ ಗಾಳೆಪ್ಪ ಹತ್ತಿ, ನೀಲಿ ಅಂಗಿಯ ಶಿವಪ್ರಸಾದನನ್ನು ಹುಡುಕಿ ಪಕ್ಕದಲ್ಲೇ ಕೂತ. ಯಾವ ಬಸ್ಸು, ಯಾವ ಅಂಗಿ ಎಂದು ದಾವಲ್‌ಸಾಬನೇ ಹೇಳಿದ್ದ.

“ನನ್ನ ಹೆಂಡ್ತಿದು ಲಿಂಗಸುಗೂರಾಗ ಆಪರೇಷನ್ ಐತ್ರಿ ಸರ. ನನಗ ಬಿಪಿ, ನಂದು ಬ್ಯಾಡ ಅಂದಾರ. ರಕ್ತ ಅಂದಕೂಡ್ಲೆ ನಮ್ಮ ಬಳಗದವ್ರು ಫೋನ್ ಎತ್ತವಲ್ರು. ನೀವು ಬದಲಿ ರಕ್ತ ಕೊಡ್ತೀರಂತ.”

“ಯಣ್ಣಾ, ನಂದು ಆ ಬದಲಿ ಅಲ್ಲ. ರಕ್ತದಾಗಿನ ಕೆಂಪು ಸತ್ವ ಅಷ್ಟೇ ತೆಗೆದು ಮಾಡಿದ್ದು, ಕಣ ಇರಂಗಿಲ್ಲ. ನಮ್ಮ ರಕ್ತ ನುಚ್ಚಿನ ಅಂಬಲಿ ಇದ್ದಂಗ, ಅದು ಮಜ್ಜಿಗಿ ಇದ್ದಂಗ. ಸರಾಗ ಹರೀತೈತಿ. ಆದ್ರ ಅದು ಒಳಗ ಹೋದ್ರ ನರಾನೇ ಬಿಗೀತಾವ, ಅದಕ್ಕ ಇನ್ನೂ ಯಾರಿಗೂ ಕೊಡಂಗಿಲ್ಲ.”

ಗಾಳೆಪ್ಪ ಮನಸ್ಸಿಟ್ಟು ಕೇಳಿದ. ಏಳು ವರ್ಷದಲ್ಲಿ ಶಿವಪ್ರಸಾದನ ಮಾತನ್ನು ಅಷ್ಟು ಮನಸ್ಸಿಟ್ಟು ಯಾರೂ ಕೇಳಿರಲಿಲ್ಲ.

“ತೆಳ್ಳಂದು ಬ್ಯಾಡ್ರಿ ಸರ, ಆಕಿ ಮೊದ್ಲೇ ಸೊರಗ್ಯಾಳ. ನಿಮ್ಮ ಮೈಯಾಗಿಂದು ಗಟ್ಟೀದೇ ಕೊಡ್ರಿ.”

ಶಿವಪ್ರಸಾದನಿಗೆ ಸಾಕು ಸಾಕಾಗಿತ್ತು. ಇಲ್ಲ ಅನ್ನುವುದಕ್ಕೂ ತ್ರಾಣ ಬೇಕು. ಜೊತೆಗೆ ಆ ಮುಖ ನೋಡಿ ಕರುಳು ಚುರುಕ್ ಅಂದಿತು. ರಕ್ತ ಕೊಟ್ಟು, ಬಿಸ್ಕತ್ತು ತಿಂದು ಕಾಲೇಜು ಮುಟ್ಟುವಷ್ಟರಲ್ಲಿ ಒಂದು ತಾಸು ತಡ. ಕೇಳಲು ಬಂದವರು ಉಪ್ಪಿಟ್ಟು ತಿಂದು ಹೋಗಿದ್ದರು. ಮೇಡಂ ಒಬ್ಬರೇ ಕೂತಿದ್ದರು.

ನಡೆದದ್ದನ್ನೆಲ್ಲ ಹೇಳಿದ. ಮೇಡಂ ಕಣ್ಣು ಒದ್ದೆಯಾದವು. ನೌಕರಿ ಕೈಗೆ ಬಂದ ಹಾಗೆಯೇ ಅಂದುಕೊಂಡ.

“ಶಿವಪ್ರಸಾದ, ನಮ್ಮ ತಮ್ಮಂದು ಸೋಮವಾರ ಆಪರೇಷನ್ ಐತಿ. ಅಲ್ಲೂ ಬದಲಿ ರಕ್ತ ಕೇಳಾಕತ್ತಾರ.”

“ಮೇಡಂ, ಒಮ್ಮೆ ಕೊಟ್ಟ ಮ್ಯಾಲೆ ಮೂರು ತಿಂಗಳು ಕೊಡಂಗಿಲ್ರಿ.”

ಮೇಡಂ ಅವನ ಫೈಲು ಮುಚ್ಚಿದರು.

“ಅವಸರದ ಆಪರೇಷನ್ ಏನಲ್ಲ ಬಿಡು, ಮೂರು ತಿಂಗಳು ಮುಂದಕ್ಕ ಹಾಕಸ್ತೀನಿ. ನಿನ್ನ ಭಾಷಣಾನೂ ಅವತ್ತೇ ಇಟ್ಟರಾತು. ಮೊದ್ಲು ದವಾಖಾನಿಗೆ ಬಾ, ಆಮ್ಯಾಲೆ ಮಾತಾಡುವಂತಿ.”