ಅಣ್ಣಾನ ಮನಿ ಸುಪಾರಿ

ಒಂದು ಫಜೀತಿ ಮುಗೀತಪಾ ಅಂತ ನಾ ಉಸ್ಸಂತ ಕೂಡೂದ ತಡ, ನಮ್ಮನ್ಯಾಗ ಇನ್ನೊಂದು ಬಾಗಲಾ ಬಡೀತೈತಿ. ಕಾರಣ ನಮ್ಮ ಮನಿಯವ್ರು. ಧಾರವಾಡ ಕಡೆಯಿಂದ ವರ್ಗಾ ಆಗಿ ನಾಗಪುರಕ್ಕ ಬಂದವ್ರು, ಕೆಲಸ ರೈಲ್ವೇ ಪಾರ್ಸಲ್ ಆಫೀಸಿನ್ಯಾಗ, ಹುಚ್ಚು ಹಳೇ ಕಳ್ಳ-ಪೊಲೀಸ್ ಸಿನಿಮಾದ್ದು. ಅದ್ರಾಗೂ ಇವ್ರು ಕಳ್ಳರ ಪಾರ್ಟಿ! ಕೂಲರ್ ಮುಂದ ಕುಂತು, "ಆಗಿನ ಡಾನ್‌ಗೋಳಿಗೆ ನೀತಿ ಇತ್ತು ನೋಡು. ಹೆಂಗಸರು, ಮಕ್ಕಳ ತಂಟಿಗೆ ಹೋಗ್ತಿದ್ದಿಲ್ಲ" ಅಂತಾರ. ಅಡಿಗಿ ಮನ್ಯಾಗ ಇಲಿ ಮರಿ ಹಾಕಿದ್ರ ಬೋನ್ ಇಡಗೊಡಲಿಲ್ಲ. "ಬಾಣಂತಿ ಐತಿ, ಪಾಪ" ಅಂದ್ರು. ನನ್ನ ಅಕ್ಕಿ ಚೀಲಾ ಬಾಣಂತಿ ಹೊಟ್ಟಿಗೆ ಹೋತು.

ಇಂಥಾದ್ರಾಗ ನಮ್ಮ ಮಗಳು ಇಲ್ಲಿಯ ಮರಾಠಿ ಹುಡುಗನ್ನ ಮೆಚ್ಚಿದ್ಲು. ಹುಡುಗ ಬಂಗಾರದಂಥಾವ. ಆದ್ರ ಅವನ ತಾಯಿ ಮಾತ್ರ, "ಮೊದಲು ಮನಿತನ ನೋಡೂಣು" ಅಂದ್ರು. ಮಗಳು ನನ್ನ ಕೈ ಹಿಡಕೊಂಡು, "ಮಮ್ಮಿ, ಪ್ಲೀಜ್, ಪಪ್ಪಾಂದು ಬಾಯಿ ಒಂದು ಸಂಭಾಳ್ಸು" ಅಂದ್ಲು. ಅವತ್ತಿನಿಂದ ನನ್ನ ಜೀವ ನಿಂತಲ್ಲಿ ನಿಲ್ಲವಲ್ದು, ಕುಂತಲ್ಲಿ ಕೂಡವಲ್ದು.

ಅಣ್ಣಾ

ಈ ಊರಾಗ ದಕ್ಷಿಣದ ಕಡೆಯಿಂದ ಬಂದವ್ರೆಲ್ಲಾ "ಅಣ್ಣಾ". ಹಿಂದಿ ಸಿನಿಮಾದಾಗ ಅಣ್ಣಾ ಅಂದ್ರ ಡಾನ್. ಹುಡುಗನ ತಾಯಿ ಬಂದವ್ರು ಪಾನ್ ಠೇಲಾದಾಗ ನಮ್ಮನಿ ಕೇಳ್ಯಾರ. ಅವ ಪುಣ್ಯಾತ್ಮ ಏನಂದಾನ? "ಅಣ್ಣಾನ್ನ ಕೇಳದ ಈ ಗಲ್ಯಾಗ ಯಾರೂ ಗಾಡಿ ಸುದ್ದ ನಿಂದ್ರಸೂದಿಲ್ಲ ಬಾಯೀ." ಖರೇ ಐತಿ, ಪಾರ್ಕಿಂಗ್ ಜಗಳ ಬಿಡಸೋರು ಇವ್ರ.

ಆಕಿ ಒಳಗ ಬಂದು ಕುರ್ಚಿ ತುದಿಗೆ ಕುಂತು, "ನಿಮ್ಮ ಧಂದಾ ಏನ್ರಿ?" ಅಂತ ಕೇಳಿದ್ರು. ನಾ ಬಾಯಿ ತೆರೆಯೂದ್ರಾಗ ಇವ್ರು ಮೀಸಿ ಮ್ಯಾಲ ಕೈ ಆಡಿಸಿ ಹೇಳೇಬಿಟ್ರು:

"ಪಾರ್ಸಲ್. ನಾಗಪುರದಿಂದ ಯಾವ ಮಾಲು ಹೊರಗ ಹೋಗಬೇಕಾದ್ರೂ ನನ್ನ ಕೈ ದಾಟೇ ಹೋಗಬೇಕು."

ಆಕಿ ಅರ್ಧ ಚಾ ಅಲ್ಲೇ ಬಿಟ್ಟು ಎದ್ರು.

ಕಳ್ಳ

ಹುಡುಗ ತಾಯಿಗೆ ತಿಳಿಸಿ ಹೇಳಿದ, ಮತ್ತ ಮಾತುಕತಿ ಶುರು ಆತು. ಊರಿಂದ ನಮ್ಮ ಅತ್ತಿಯವ್ರು ಬಂದ್ರು. ಅವ್ರಿಗೆ ಮರಾಠಿ ಒಂದಕ್ಷರ ಬರೂದಿಲ್ಲ. ಹುಡುಗನ ತಂದಿ ತಮ್ಮ ಕಡೆ ಪದ್ಧತಿ ಹೇಳ್ಕೋತ, ಮಾತಿಗೊಮ್ಮೆ ಅತ್ತಿಯವ್ರ ಕಡೆ ನೋಡಿ "ಕಳ್ಳ ಕಾ?" ಅಂತಾರ. "ತಿಳೀತಾ?" ಅನ್ನೂದಕ್ಕ ಮರಾಠ್ಯಾಗ ಹಂಗಂತಾರ. ಅತ್ತಿಯವ್ರು ಮೂರ್ನಾಕು ಸಲ ತಡಕೊಂಡ್ರು. ಆಮ್ಯಾಲ ಎದ್ದು ನಿಂತ್ರು.

"ಏನೋ ತಮ್ಮಾ, ಯಾರ್ನ ಕಳ್ಳ ಅಂತೀಯೋ? ನಮ್ಮ ವಂಶದಾಗ ಒಬ್ಬಾವ ಹುಟ್ಟಿಲ್ಲ!"

ಇವ್ರು ಸಮಾಧಾನ ಮಾಡಿದ್ದು ಹೆಂಗ? "ಇರಲಿ ಬಿಡಬೇ, ಹಳೇ ಸಿನಿಮಾದ ಕಳ್ಳರು ಭಾಳ ಮರ್ಯಾದಸ್ಥರು." ಹಣಿ ಹಣಿ ಬಡ್ಕೊಂಡು ನಾನ ಎಲ್ಲಾ ಬಿಡಿಸಿ ಹೇಳಿದೆ. ಅತ್ತಿಯವ್ರು ಹೂಂ ಅಂದ್ರು. ಆದ್ರ ಬೀಗರು ಊಟಾ ಮಾಡಿ ಹೋಗೂತನಕ ಬೆಳ್ಳಿ ವಾಟಗಾ ಸೆರಗಿನಾಗ ಕಟ್ಕೊಂಡ ಕುಂತಿದ್ರು.

ಸುಪಾರಿ

ಹುಡುಗನ ತಾಯಿ ಕಡೀ ಮಾತು ಹೇಳಿದ್ರು: "ರವಿವಾರ ಸುಪಾರಿ ಇಟ್ಕೊಳ್ಳೂಣು. ಅದ್ರಾಗ ಇನ್ನೊಂದು ಎಡವಟ್ಟಾತು ಅಂದ್ರ ಸಂಬಂಧ ಬ್ಯಾಡ." ಇಲ್ಲೆ ನಿಶ್ಚಯಕ್ಕ ಸುಪಾರಿ ಅಂತಾರ. ಎರಡೂ ಮನ್ಯಾವ್ರು ಕೂಡಿ ಅಡಿಕಿ ಒಡದ್ರ ಮಾತು ಪಕ್ಕಾ.

ಶುಕ್ರವಾರ ನಾವಿಬ್ರೂ ಗಾಂಧಿಬಾಗ್ ಪ್ಯಾಟ್ಯಾಗ ಸೀರಿ, ಎಲಿ-ಅಡಿಕಿ ತಗೊಂಡ್ವಿ. ಆ ಗದ್ದಲದಾಗ ಇವ್ರು ಫ್ಲೆಕ್ಸ್ ಮಾಡಾವ್ಗ ಫೋನ್ ಹಚ್ಚಿ ಹಿಂದ್ಯಾಗ ಒದರಾಕತ್ರು: "ರವಿವಾರ ಸುಪಾರಿ ಐತಿ. ಹುಡುಗನ ಫೋಟೋ ಕಳಿಸೇನಿ. ಕೆಲಸ ಸಾಫ್ ಆಗಬೇಕು!"

ಸುತ್ತ ಇದ್ದ ಮಂದಿ ಸರದು ನಿಂತ್ರು. ಅಲ್ಲೇ ನಿಂತಿದ್ದ ಹವಾಲ್ದಾರ್ರ ಕೈ ಇವ್ರ ಹೆಗಲ ಮ್ಯಾಲ ಬಿತ್ತು.

ಪೊಲೀಸ್ ಚೌಕ್ಯಾಗ ಅವ್ರು, "ಯಾರು ಕೊಟ್ಟ ಸುಪಾರಿ? ಹುಡುಗ ಯಾರು?" ಅಂತ ಕೇಳಿದ್ರು. ಇವ್ರು ಎದಿ ಸೆಟದು, "ಬೀಗರ ಮನಿ ಹೆಸರು ಚೌಕ್ಯಾಗ ತರೂದಿಲ್ಲ. ಹೊಡೀರಿ, ಬಡೀರಿ, ಹೇಳಂಗಿಲ್ಲ!" ಅಂದ್ರು. ನನಗ ತಡಿಯಾಕ ಆಗಲಿಲ್ಲ. ಗಾಬರ್ಯಾಗ ನನ್ನ ಹರಕು ಹಿಂದ್ಯಾಗ, "ಸಾಹೇಬ್ರ, ಸುಪಾರಿ ನಮ್ಮ ಮಗಳದು!" ಅಂದೆ.

"ಮಗಳೂ ಇದ್ರಾಗ ಇದ್ದಾಳೇನು?" ಅಂದ್ರು ಹವಾಲ್ದಾರ್ರು.

ಅಷ್ಟ್ರಾಗ ಇವ್ರ ಫೋನ್ ಬಡೀತು. ಹವಾಲ್ದಾರ್ರು ಎತ್ತಿದ್ರು. ಆ ಕಡೆ ಹುಡುಗನ ತಾಯಿ: "ಸುಪಾರಿ ಎಲ್ಲಾ ತಯಾರ್ ಆತೇನ್ರಿ?"

ಚೌಕಿ ಬಾಜೂ ಗಲ್ಲಿಯೊಳಗ ಆಕಿ ಮನಿ. ಕರದ ಕೂಡಲೇ ಬಂದ್ರು. ನನ್ನ ಮಗಳ ಸಂಸಾರ ಶುರು ಆಗೂಕಿಂತ ಮೊದಲ ಮುಗೀತು ಅಂತ ನಾ ಅಳಾಕತ್ತಿದ್ದೆ. ಆಕಿ ಎಲ್ಲಾ ಕೇಳಿ, ಹವಾಲ್ದಾರ್ರನ್ನ ಒಂದ ಮಾತು ಕೇಳಿದ್ರು: "ಇವ್ರು ನಮ್ಮ ಹೆಸರು ಹೇಳಲೇ ಇಲ್ಲ?"

"ಎಷ್ಟು ಹೆದರಿಸಿದ್ರೂ ಇಲ್ರಿ."

"ನಮ್ಮ ಮನಿ ಮರ್ಯಾದಿ ಇಷ್ಟು ಕಾಯೋ ಬೀಗರು ಎಲ್ಲೆ ಸಿಗ್ತಾರ!" ಅಂದ್ರು ಆಕಿ. "ಆದ್ರ ರವಿವಾರತನಕ ಇವ್ರನ್ನ ಬಿಟ್ರ ಇನ್ನೇನು ಮಾಡ್ತಾರೋ. ಈಗ ಇಲ್ಲೇ ಒಡದುಬಿಡೂಣು."

ಚೀಲದಾಗಿನ ಅಡಿಕಿ ತಗದು ಟೇಬಲ್ ಮ್ಯಾಲ ಇಟ್ವಿ. ಜಪ್ಪಯ್ಯ ಅಂದ್ರೂ ಒಡೀಲಿಲ್ಲ. ಹವಾಲ್ದಾರ್ರೇ ಲಾಠಿ ತುದೀಲೆ ಒಂದು ಕುಟ್ಟಿದ್ರು, ಫಟ್ ಅಂತ ಎರಡು ಹೋಳಾತು. ನಮ್ಮ ಮನಿಯವ್ರು ನನ್ನ ಕಿವ್ಯಾಗ ಅಂದ್ರು:

"ನೋಡಿದೇನು? ನಾ ಗಟ್ಟಿ ಇದ್ದೆ. ಲಾಠಿ ಏಟಿಗೆ ಬಾಯಿ ಬಿಟ್ಟದ್ದು ಸುಪಾರಿ!"