ಹನ್ನೊಂದು ಹುಡುಗರ ಹುಟ್ಟಿದ ದಿನ

ಇದು ಎಪ್ಪತ್ತೆಂಟರಲ್ಲಿ ನಡೆಯಿತೋ ಎಪ್ಪತ್ತೊಂಬತ್ತರಲ್ಲೋ, ಖಚಿತವಾಗಿ ಹೇಳಲಾರೆ. ಹುಡುಗರಿಗೆ ಆಡಲು ಸಿಕ್ಕ ಆ ಜಾಗ ಗಟಾರದ ಎಡಕ್ಕಿತ್ತೆಂದು ನನ್ನ ನೆನಪು. ಬಲಕ್ಕಿತ್ತೆಂದು ನನ್ನ ಹೆಂಡತಿ ಶಾಂತಾಳ ವಾದ. ಧಾರವಾಡದಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮಾಡುವಾಗ ಎಲ್ಲವನ್ನೂ ಸಂಶಯಿಸಲು ಕಲಿಸಿದ್ದರು. ಆ ವಿದ್ಯೆ ಮರಾಠಿ ಸೀಮೆಯ ಕಳವಾ ಎಂಬಲ್ಲಿನ ಕಾರ್ಖಾನೆಯೊಂದರ ಉಗ್ರಾಣದಲ್ಲಿ ನನ್ನ ಜೊತೆ ಧೂಳು ತಿನ್ನುತ್ತಿತ್ತು. ಕೊನೆಗೂ ಅದಕ್ಕೊಂದು ಸಾರ್ವಜನಿಕ ಉಪಯೋಗ ಸಿಕ್ಕಿತೆಂದು ನಾನು ಹಿಗ್ಗಿದೆ. ಅನಾಹುತ ಶುರುವಾದದ್ದೇ ಅಲ್ಲಿ!

ನಮ್ಮ ಚಾಳಿನ ಹಿಂದಿನ ಖೋಲಿಗಳಲ್ಲಿ ಕಲಬುರಗಿ ಕಡೆಯ ಹುಡುಗರಿದ್ದರು. ಹಗಲೆಲ್ಲ ಲಾರಿಗೆ ಮಾಲು ಏರಿಸುವ ಕೆಲಸ. ಒಂದೊಂದು ಖೋಲಿಗೂ ಎರಡು ಪಾಳಿ. ಇವರು ದಣಿದು ಬರುವಾಗ ರಾತ್ರಿ ಪಾಳಿಯವರು ಇನ್ನೂ ಮಲಗಿರುತ್ತಿದ್ದರು. ಅವರು ಎದ್ದು ಹೋಗುವವರೆಗೆ ಇವರಿಗೆ ಕಾಲು ಚಾಚಲು ಭೂಮಿಯ ಮೇಲೆ ಜಾಗವಿರಲಿಲ್ಲ. ರೈಲು ಹಳಿಯ ಪಕ್ಕ ಕಬಡ್ಡಿ ಆಡಿದರೆ ಕಾವಲಿನವರು ಅಟ್ಟುತ್ತಿದ್ದರು.

ಅಷ್ಟರಲ್ಲಿ ನಗರಸಭೆಯ ಪ್ರಕಟಣೆ ಬಂತು. ಯುವಕರ ಸಂಜೆಗಳು ಸದ್ವಿನಿಯೋಗವಾಗಲೆಂದು ಒಂದು ಖಾಲಿ ಜಾಗವನ್ನು ಯುವಕ ಮಂಡಳಕ್ಕೆ ಆಡಲು ಕೊಡುತ್ತಾರಂತೆ. ಹನ್ನೊಂದು ಮಂದಿ ಸದಸ್ಯರು ಬೇಕು, ಎಲ್ಲರೂ ಇಪ್ಪತ್ತೈದರೊಳಗಿನವರು, ವಯಸ್ಸಿಗೆ ದಾಖಲೆ ಬೇಕು. ಶನಿವಾರ ಕೊನೆಯ ದಿನ. ಯಾರೂ ಬರದಿದ್ದರೆ ಆ ಜಾಗ ಮಂಡಪ ಕಟ್ಟುವವನ ಬೊಂಬುಗಳಿಗೆ.

ಹುಡುಗರ ಮುಂದಾಳು ಭೀಮಾಶಂಕರ ಹನ್ನೊಂದು ಶಾಲಾ ದಾಖಲೆಗಳ ಕಟ್ಟು ತಂದ.

“ಸರ, ಒಂದ್ ಅರ್ಜಿ ಬರದು ಕೊಡ್ರಿ, ಸಾಕು. ಬ್ಯಾರೆ ಏನೂ ಮಾಡಬ್ಯಾಡ್ರಿ.”

ಆ ಕೊನೆಯ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಬೇಕಿತ್ತು!

ಕಟ್ಟು ಬಿಚ್ಚಿದೆ. ಭೀಮಾಶಂಕರ ಹುಟ್ಟಿದ್ದು ಜೂನ್ ಒಂದು. ವರ್ಷ ಬೇರೆಯಾದರೂ ಅವನ ತಮ್ಮ ಶರಣಪ್ಪನೂ ಜೂನ್ ಒಂದು. ಹನ್ನೊಂದಕ್ಕೆ ಹನ್ನೊಂದೂ ಜೂನ್ ಒಂದು! ನಮ್ಮ ಕಡೆ ಅಪ್ಪಂದಿರಿಗೆ ಮಗ ಹುಟ್ಟಿದ ತಾರೀಖು ನೆನಪಿರುವುದಿಲ್ಲ. ಮಾಸ್ತರರು ಹುಡುಗನ ಎತ್ತರ ನೋಡಿ ವರ್ಷ ಹಾಕುತ್ತಾರೆ, ಶಾಲೆಯ ಲೆಕ್ಕಕ್ಕೆ ಹೊಂದುವಂತೆ ಜೂನ್ ಒಂದು ಎಂದು ಬರೆದುಬಿಡುತ್ತಾರೆ. ನನಗಿದು ಗೊತ್ತು. ನಗರಸಭೆಗೆ ಗೊತ್ತೆ?

“ಹನ್ನೊಂದು ಮಂದಿ ಒಂದ ತಾರೀಖಿಗೆ ಹುಟ್ಯಾರಂದ್ರ ಯಾವ ಕಾರಕೂನ ನಂಬ್ತಾನ?” ಎಂದೆ.

“ಅವ ಕೇಳಿದಾಗ ಹೇಳಿದ್ರಾತು,” ಎಂದಳು ಶಾಂತಾ. “ಕೇಳೂಕಿಂತ ಮದ್ಲ ಯಾಕ ಉತ್ತರ ಕೊಡ್ತೀರಿ?”

“ಸತ್ಯ ಯಾರಿಗೂ ಕಾಯೂದಿಲ್ಲ.”

“ಶನಿವಾರನೂ ಕಾಯೂದಿಲ್ರಿ!”

ನಾನು ಜಗ್ಗಲಿಲ್ಲ. ಹಳೆಯ ಪಂಚಾಂಗಗಳನ್ನು ಎರವಲು ತಂದು, ಒಬ್ಬೊಬ್ಬರನ್ನೇ ಕೂರಿಸಿ ಜನ್ಮವಿಚಾರಣೆ ಆರಂಭಿಸಿದೆ. ಭೀಮಾಶಂಕರ ಹುಟ್ಟಿದ್ದು ಹಳ್ಳಕ್ಕೆ ನೆರೆ ಬಂದ ವರ್ಷ, ಕಾರಹುಣ್ಣಿಮೆಯ ಹಿಂದಿನ ದಿನ. ಶರಣಪ್ಪ ಹುಟ್ಟಿದ್ದು ಊರಿಗೆ ಮೊದಲ ಮೋಟಾರು ಬಂದ ವರ್ಷ, ಎಳ್ಳಮಾವಾಸ್ಯೆಗೆ. ನೆರೆಯೂ ಮೋಟಾರೂ ಒಂದೇ ವರ್ಷ ಬಂದವೆಂದು ಅವರೂರಿನ ಹಿರಿಯನೊಬ್ಬ ಆಣೆ ಮಾಡಿದ. ಸಾಕ್ಷ್ಯ ಸಿಕ್ಕ ಮೇಲೆ ಮುಗಿಯಿತಲ್ಲ! ‘ಸಂಶೋಧಿತ ಜನ್ಮದಿನಗಳ ಪಟ್ಟಿ’ಯನ್ನು ಟೈಪು ಮಾಡಿಸಿ, ಅಡಿಟಿಪ್ಪಣಿ ಸಹಿತ ದಾಖಲೆಗಳ ಮೇಲಿಟ್ಟು, ಗುರುವಾರ ಕಚೇರಿಗೆ ಒಯ್ದೆ.

ಕಾರಕೂನ ಸಾವಕಾಶವಾಗಿ ಓದಿದ. ಭೀಮಾಶಂಕರ, ಶರಣಪ್ಪ ಎಂಬ ಎರಡು ಹೆಸರುಗಳ ಮೇಲೆ ಬೆರಳಿಟ್ಟು ಮರಾಠಿಯಲ್ಲಿ ಕೇಳಿದ.

“ಸಾಹೇಬ, ಹೇ ದೋಘೆ ಸಖ್ಖೆ ಭಾವೂ?”

ಹೌದು, ಒಡಹುಟ್ಟಿದವರೇ ಎಂದೆ.

“ಏಕ ಜೂನ್ ಮಧೆ, ದುಸರಾ ಡಿಸೆಂಬರ್ ಮಧೆ? ಏಕಾಚ ವರ್ಷೀ?”

ಒಂದೇ ವರ್ಷದ ಜೂನಿನಿಂದ ಡಿಸೆಂಬರಿನವರೆಗೆ ಅವನು ಬೆರಳು ಮಡಚಿ ತಿಂಗಳು ಎಣಿಸಿದ. ನಾನೂ ಎಣಿಸಿದೆ. ಆರು ಬಂತು. ಮತ್ತೆ ಎಣಿಸಿದೆ. ಆರೇ!

ಹಾಗಾದರೆ ಯಾವುದು ಖರೆ, ಶಾಲೆಯ ದಾಖಲೆಯೋ ನಿಮ್ಮ ಪಟ್ಟಿಯೋ ಎಂದು ಅವನು ಕೇಳಿದ. ‘ದಾಖಲೆ’ ಎಂದಿದ್ದರೆ ಎಲ್ಲ ಅಲ್ಲಿಗೇ ಸರಿಹೋಗುತ್ತಿತ್ತು. ಆದರೆ ನಾನು ಕಲಿತವನು.

“ಎರಡೂ ನಿಶ್ಚಿತವಲ್ಲ,” ಎಂದೆ.

ಕಾಗದಗಳೆಲ್ಲ ಮರಳಿ ನನ್ನ ಕೈಗೆ ಬಂದವು.

ಹೊರಗೆ ಕಾಯುತ್ತಿದ್ದ ಭೀಮಾಶಂಕರ ಸುದ್ದಿ ಕೇಳಿ ಹಣೆ ಬಡಿದುಕೊಂಡ. “ಸರ, ಜಾಗ ಹೋದ್ರ ಹೋಗ್ಲಿ, ನಮ್ಮವ್ವನ ಮರ್ಯಾದಿನೂ ತಗದ್ರೆಲ್ರಿ!” ಆಮೇಲೆ ಮೆಲ್ಲಗೆ ಹೇಳಿದ, “ಖರೇ ಹೇಳ್ಬೇಕಂದ್ರ ಜಾಗ ಹೋಗಬಾರದ್ರಿ ಸರ. ಸಂಜೀಕ ಎಲ್ಲಿ ಹೋಗೂಣು ನಾವು?”

ಆ ಮಾತು ನನ್ನನ್ನು ಚುಚ್ಚಿತು. ಚುಚ್ಚಿದರೆ ಸುಮ್ಮನಿರುವವನೇ ನಾನು? ಶುಕ್ರವಾರ ನಗರಸಭೆಗೆ ಮೂರು ಪುಟಗಳ ಪ್ರತಿಭಟನೆ ಬರೆದೆ. ಮನುಷ್ಯನಿಗೆ ತಾನು ಹುಟ್ಟಿದ ದಿನ ತಿಳಿಯುವುದೇ ಅಸಾಧ್ಯ. ಅಂಥ ತಾರೀಖಿನ ಮೇಲೆ ಆಟದ ಹಕ್ಕನ್ನು ನಿರ್ಧರಿಸುವುದು ಅನ್ಯಾಯ. ನಿಯಮ ತಿದ್ದುವವರೆಗೆ ಜಾಗದ ಹಂಚಿಕೆಯನ್ನೇ ನಿಲ್ಲಿಸತಕ್ಕದ್ದು! ‘ನಿಲ್ಲಿಸತಕ್ಕದ್ದು’ ಎಂಬುದರ ಕೆಳಗೆ ಎರಡು ಗೆರೆ ಎಳೆದು, ಟಪಾಲಿನ ಕಿಟಕಿಯಲ್ಲಿ ಕೊಟ್ಟು, ಎದೆಯುಬ್ಬಿಸಿ ಮನೆಗೆ ಬಂದೆ.

ಶನಿವಾರ ನಾನು ಕಾರ್ಖಾನೆಯಲ್ಲಿದ್ದಾಗ ಶಾಂತಾ ಭೀಮಾಶಂಕರನನ್ನು ಕರೆದುಕೊಂಡು ಕಚೇರಿಗೆ ಹೋದಳು. ಒಯ್ದದ್ದು ನಾಲ್ಕು ಸಾಲಿನ ಅರ್ಜಿ ಮತ್ತು ಹನ್ನೊಂದು ದಾಖಲೆ. ನನ್ನ ಪಟ್ಟಿ ಒಲೆಯ ಬೂದಿಯಲ್ಲಿತ್ತು. ಕಾರಕೂನ ಒಂದೊಂದಾಗಿ ತಿರುವಿ ಹಾಕಿ, “ಮಾಝಾ ಪಣ ಏಕ ಜೂನ್, ವಹಿನೀ,” ಎಂದನಂತೆ. ತನ್ನದೂ ಅದೇ ದಿನ! ಅವನ ಹಳ್ಳಿಯ ಮಾಸ್ತರರದೂ ಅದೇ ಪದ್ಧತಿಯಂತೆ. ಠಸ್ಸೆ ಬಿತ್ತು.

“ನನಗ ಒಂದ ಮಾತು ಹೇಳಬಾರದಿತ್ತ?” ಎಂದು ಸಂಜೆ ಕೇಳಿದೆ.

“ನಿಮಗ ಹೇಳಿದ್ರ ಸೋಮವಾರ ಆಗ್ತಿತ್ರಿ,” ಎಂದಳು.

ಹುಡುಗರು ಸುಣ್ಣದ ಗೆರೆ ಎಳೆದು ಆಡತೊಡಗಿದರು. ಅಣ್ಣತಮ್ಮಂದಿರಿಬ್ಬರೂ ಒಂದೇ ತಂಡ. ಆದರೂ ನಾನು ಸೋತೆನೆಂದು ಯಾರೂ ತಿಳಿಯಬೇಕಿಲ್ಲ. ಜಾಗ ಸಿಕ್ಕಿದ್ದು ನನ್ನ ಪ್ರತಿಭಟನೆಯ ಬಿಸಿಗೇ ಎಂದು ಬಹಳ ವರ್ಷ ಎಲ್ಲರ ಮುಂದೆ ಸಾಧಿಸಿದೆ. ಶಾಂತಾ ನಗುತ್ತಿದ್ದಳು. ನಕ್ಕರೆ ವಾದ ಸುಳ್ಳಾಗುತ್ತದೆಯೆ?

ಮಗಳನ್ನು ಶಾಲೆಗೆ ಸೇರಿಸುವಾಗ ಅವಳ ಜನನಪತ್ರಕ್ಕೆಂದು ಅದೇ ಕಚೇರಿಗೆ ಹೋಗಬೇಕಾಯಿತು. ಹೇಗೂ ಬಂದಿದ್ದೇನೆ, ಒಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು ಆ ಜಾಗದ ಹಳೆಯ ಕಡತ ತೆಗೆಸಿದೆ. ಈ ಕತೆಯಲ್ಲಿ ಉಳಿದದ್ದೆಲ್ಲ ಹೆಚ್ಚುಕಡಿಮೆಯಾಗಿರಬಹುದು. ಇದೊಂದು ಮಾತ್ರ ನಾನೇ ಕಣ್ಣಾರೆ ಕಂಡದ್ದು: ಯುವಕರಿಗೆ ಆಟದ ಜಾಗ ಕೊಡುವುದನ್ನು ವಿರೋಧಿಸಿ ಬಂದ ತಕರಾರು ಒಂದೇ ಒಂದು. ಮೂರು ಪುಟ. ಸಹಿ ನನ್ನದು.